ಶಾಲು ಹೊದಿಸುವ ಮೊದಲು ಒಂದು ಹಾಳೆ ಬರೆಯಿರಿ

ಪ್ರಶ್ನೆ: ನಮ್ಮದು ದಾವಣಗೆರೆಯ ಒಂದು ಬಡಾವಣೆಯ ಯುವಕರ ಸಂಘ. ಪ್ರತಿವರ್ಷ ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಈ ಸಲ ಗಣ್ಯರಿಗೆ ಹಾರ ಹಾಕುವುದನ್ನು ಬಿಟ್ಟು, ಅಗ್ನಿಶಾಮಕ ಸಿಬ್ಬಂದಿ, 108 ಆಂಬುಲೆನ್ಸ್‌ನವರು, ಲೈನ್‌ಮನ್, ಪೌರಕಾರ್ಮಿಕರು, ಹೀಗೆ ಕಷ್ಟಕ್ಕೆ ಮೊದಲು ಓಡಿಬರುವವರನ್ನು ಸನ್ಮಾನಿಸೋಣ ಅಂದುಕೊಂಡಿದ್ದೇವೆ. ಕಳೆದ ವರ್ಷ ಭದ್ರಾ ನಾಲೆಗೆ ಬಿದ್ದ ಇಬ್ಬರು ಹುಡುಗರನ್ನು ಹಮಾಲಿ ಒಬ್ಬ ಹಾರಿ ಎಳೆದು ತಂದ. ಅವನಿಗೂ ಏನಾದರೂ ಮಾಡಬೇಕು. ಆಯ್ಕೆ ಹೇಗೆ ಮಾಡುವುದು? ಸರ್ಕಾರದ ಪ್ರಶಸ್ತಿ ಕೊಡಿಸಲು ಆಗುತ್ತದೆಯೇ? ನಮ್ಮ ಹತ್ತಿರ ಇರುವುದು 30,000 ರೂಪಾಯಿ.

ಉತ್ತರ: ಮೊದಲು ಆ ಹಮಾಲಿಯವರ ವಿಷಯ ಮಾತಾಡೋಣ. ಅದಕ್ಕೆ ಗಡುವು ಇದೆ. ಉಳಿದದ್ದು ನವೆಂಬರ್‌ವರೆಗೆ ಕಾಯುತ್ತದೆ.

ಜೀವ ಉಳಿಸಿದವರಿಗೆ ಅಂತಲೇ ಕೇಂದ್ರ ಸರ್ಕಾರದ ಒಂದು ಪದಕ ಇದೆ. ಜೀವನ ರಕ್ಷಾ ಪದಕ ಅಂತ ಅದರ ಹೆಸರು. 1961ರಲ್ಲಿ ಶುರುವಾಯಿತು. ನೀರಿನಲ್ಲಿ ಮುಳುಗುವವರನ್ನು, ಬೆಂಕಿಯಲ್ಲಿ ಸಿಕ್ಕವರನ್ನು, ಕರೆಂಟ್ ಹೊಡೆದವರನ್ನು, ಅಪಘಾತ, ಭೂಕುಸಿತ, ಕಾಡುಪ್ರಾಣಿಯ ದಾಳಿಯಲ್ಲಿ ಸಿಕ್ಕವರನ್ನು ಕಾಪಾಡಿದ ಯಾರಿಗೆ ಬೇಕಾದರೂ ಅದು ಸಿಗಬಹುದು. ಗಂಡೋ ಹೆಣ್ಣೋ, ಓದಿದವರೋ ಓದದವರೋ, ಯಾವ ಕೆಲಸದವರೋ, ಯಾವುದೂ ಅಡ್ಡ ಬರುವುದಿಲ್ಲ. ಕಾಪಾಡಲು ಹೋಗಿ ಪ್ರಾಣ ಕಳೆದುಕೊಂಡವರಿಗೂ ಕೊಡುತ್ತಾರೆ. ಪದಕದ ಜೊತೆ ಕೇಂದ್ರ ಗೃಹ ಸಚಿವರ ಸಹಿ ಇರುವ ಪ್ರಮಾಣಪತ್ರ ಮತ್ತು ಇಡಿಗಂಟು ಹಣ ಬರುತ್ತದೆ. ಆದರೆ ಘಟನೆ ನಡೆದು ಎರಡು ವರ್ಷದೊಳಗೆ ಶಿಫಾರಸು ಹೋಗಬೇಕು. ನಿಮ್ಮದು ಕಳೆದ ವರ್ಷದ ಘಟನೆ. ಶಿಫಾರಸು ಜಿಲ್ಲಾಡಳಿತದಿಂದ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. ಪ್ರತಿ ಮೇಜಿನ ಮೇಲೂ ಕಡತ ಸ್ವಲ್ಪ ದಿನ ಮಲಗುತ್ತದೆ. ಅದಕ್ಕೇ ಈ ವಾರವೇ ಶುರು ಮಾಡಿ ಅನ್ನುವುದು.

ಈ ಪದಕದಲ್ಲಿ ಮೂರು ಮೆಟ್ಟಿಲು ಇವೆ. ಸರ್ವೋತ್ತಮ ಜೀವನ ರಕ್ಷಾ ಪದಕ, ಉತ್ತಮ ಜೀವನ ರಕ್ಷಾ ಪದಕ, ಜೀವನ ರಕ್ಷಾ ಪದಕ. ಯಾವ ಮೆಟ್ಟಿಲು ಅನ್ನುವುದನ್ನು ಎಷ್ಟು ಜನರನ್ನು ಉಳಿಸಿದರು ಅಂತ ಎಣಿಸಿ ತೀರ್ಮಾನಿಸುವುದಿಲ್ಲ. ಉಳಿಸಲು ಹೋದವರ ಪ್ರಾಣಕ್ಕೆ ಎಷ್ಟು ಅಪಾಯ ಇತ್ತು ಅಂತ ನೋಡುತ್ತಾರೆ. ನಮ್ಮ ಜನ ಅರ್ಜಿ ಬರೆಯುವಾಗ ಇಲ್ಲೇ ಎಡವುತ್ತಾರೆ. ‘ಇಬ್ಬರು ಮಕ್ಕಳನ್ನು ಕಾಪಾಡಿದ ಸಾಹಸಿ’ ಅಂತ ಒಂದು ಸಾಲು ಬರೆದು, ಪತ್ರಿಕೆಯ ತುಣುಕು ಅಂಟಿಸಿ ಕಳಿಸುತ್ತಾರೆ. ದೆಹಲಿಯಲ್ಲಿ ಕೂತು ಅದನ್ನು ಓದುವವರಿಗೆ ಭದ್ರಾ ನಾಲೆ ಅಂದರೆ ಏನು ಗೊತ್ತು? ಮೊಣಕಾಲುದ್ದ ನೀರಿನ ಹೊಲದ ಕಾಲುವೆ ಅಂತ ಅಂದುಕೊಂಡರೆ ತಪ್ಪು ಅವರದ್ದಲ್ಲ.

ನೀವು ನಾಲೆಯನ್ನು ಅವರಿಗೆ ತೋರಿಸಬೇಕು. ನೀರು ಬಿಟ್ಟಿರುವ ದಿನಗಳಲ್ಲಿ ಅದು ಎಷ್ಟು ರಭಸವಾಗಿ ಓಡುತ್ತದೆ, ಎರಡೂ ಬದಿಯ ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿ ಹೇಗೆ ಜಾರುತ್ತದೆ, ಈಜು ಬಲ್ಲವರೂ ದಡ ಹಿಡಿಯಲಾಗದೆ ಹೇಗೆ ಕೊಚ್ಚಿ ಹೋಗುತ್ತಾರೆ ಅನ್ನುವುದನ್ನು ಬರೆಯಿರಿ. ಆ ದಿನ ನೀರು ಎಷ್ಟಿತ್ತು ಅನ್ನುವುದಕ್ಕೆ ನೀರಾವರಿ ಇಲಾಖೆಯಲ್ಲಿ ಲೆಕ್ಕ ಇರುತ್ತದೆ, ಕೇಳಿ ಪಡೆಯಿರಿ. ಅವರಿಗೆ ಈಜು ಬರುತ್ತಿತ್ತೇ? ಎಲ್ಲಿ ಹಾರಿದರು, ಎಷ್ಟು ದೂರ ಹೋಗಿ ದಡ ಸೇರಿದರು? ಒಬ್ಬ ಹುಡುಗನನ್ನು ದಡಕ್ಕೆ ಹಾಕಿ ಮತ್ತೆ ನೀರಿಗೆ ಇಳಿದರೇ? ಅವರಿಗೆ ಏನಾದರೂ ಪೆಟ್ಟಾಯಿತೇ? ಅದನ್ನು ಕಣ್ಣಾರೆ ಕಂಡವರು ಯಾರು? ಅವರಿಂದ ಸಹಿ ಹಾಕಿಸಿದ ಹೇಳಿಕೆ ಬೇಕು. ಹುಡುಗರನ್ನು ಆಸ್ಪತ್ರೆಗೆ ಸೇರಿಸಿದ್ದರೆ ಅಲ್ಲಿನ ದಾಖಲೆ ಬೇಕು. ಪೊಲೀಸ್ ಠಾಣೆಯಲ್ಲಿ ಆ ದಿನದ ನಮೂದು ಇದ್ದರೆ ಅದರ ಪ್ರತಿ ಬೇಕು. ಇಷ್ಟನ್ನೂ ಜೋಡಿಸಿ ಜಿಲ್ಲಾಧಿಕಾರಿಗಳಿಗೆ ಒಂದು ಪ್ರತಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸ್ವೀಕೃತಿ ಮರೆಯಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಅಗ್ನಿಶಾಮಕ ಇಲಾಖೆಯಲ್ಲಿ 30 ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವನು. ಜಾಸ್ತಿ ಕಾಲ ಕಳೆದದ್ದು ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲೇ. ಒಂದು ರಾತ್ರಿ ಹೆದ್ದಾರಿಯಲ್ಲಿ ಬಸ್ಸು ಮಗುಚಿಕೊಂಡಿದೆ ಅಂತ ಕರೆ ಬಂತು. ನಾವು ಹೋಗಿ ತಲುಪುವಷ್ಟರಲ್ಲಿ ಹಿಂದೆ ಬರುತ್ತಿದ್ದ ಲಾರಿಯ ಕ್ಲೀನರ್ ಒಬ್ಬರು ವೀಲ್ ಪಾನಾ ಹಿಡಿದು ಬಸ್ಸಿನ ಹಿಂದಿನ ಗಾಜು ಒಡೆದಿದ್ದರು. ಐದು ಜನರನ್ನು ಹೊರಗೆ ಎಳೆದಿದ್ದರು. ಡೀಸೆಲ್ ರಸ್ತೆ ಮೇಲೆ ಹರಿಯುತ್ತಿತ್ತು. ಅವರ ಎರಡೂ ಮುಂಗೈ ಗಾಜಿಗೆ ಸೀಳಿ ರಕ್ತ ಸುರಿಯುತ್ತಿತ್ತು. ನಮ್ಮ ಹುಡುಗರು ಒಳಗೆ ಇಳಿದ ಮೇಲೂ ಅವರು ಟಾರ್ಚ್ ಹಿಡಿದು ನಿಂತರು. ಬೆಳಗಿನ ಜಾವ ಲಾರಿ ಹೊರಟಿತು, ಅವರೂ ಹೊರಟರು.

ಮರುದಿನ ನಾನು ವರದಿ ಬರೆದೆ. ‘ಸ್ಥಳೀಯರ ನೆರವಿನಿಂದ ಗಾಯಾಳುಗಳನ್ನು ಹೊರತೆಗೆಯಲಾಯಿತು’ ಅಂತ ಬರೆದೆ. ಎಲ್ಲ ವರದಿಗಳಲ್ಲೂ ಹಾಗೇ ಬರೆಯುತ್ತಿದ್ದೆವು. ಮೂರು ವರ್ಷ ಆದಮೇಲೆ ಹೊಸದಾಗಿ ಬಂದ ಮೇಲಧಿಕಾರಿ ಒಬ್ಬರು ಆ ಕಡತ ನೋಡಿ, ‘ಗಾಜು ಒಡೆದವರು ಯಾರು, ಅವರ ಹೆಸರು ಪದಕಕ್ಕೆ ಕಳಿಸಲಿಲ್ಲವೇ’ ಅಂತ ಕೇಳಿದರು. ನನ್ನ ಹತ್ತಿರ ಹೆಸರಿರಲಿಲ್ಲ. ಲಾರಿ ನಂಬರೂ ಇರಲಿಲ್ಲ. ಗಡುವೂ ಮುಗಿದಿತ್ತು. ಆ ‘ಸ್ಥಳೀಯರ ನೆರವಿನಿಂದ’ ಅನ್ನುವ ಎರಡು ಪದದ ಒಳಗೆ ಆ ಮನುಷ್ಯ ಮುಳುಗಿಹೋದರು. ಇವತ್ತಿಗೂ ಪತ್ರಿಕೆಯಲ್ಲಿ ಆ ಎರಡು ಪದ ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಯಾರು ಆ ಸ್ಥಳೀಯರು? ಅವರಿಗೆ ಹೆಸರಿಲ್ಲವೇ?

ಆದ್ದರಿಂದ ನಿಮ್ಮ ಸಂಘದ ಮೊದಲ ಕೆಲಸ ಶಾಲು ತರುವುದಲ್ಲ, ಆ ಹಾಳೆ ಬರೆಯುವುದು.

ನಮ್ಮ ನಾಡಿನಲ್ಲಿ ಇದು ಹೊಸ ಮಾತೇನೂ ಅಲ್ಲ. ನಮ್ಮ ಕಡೆಯ ಎಷ್ಟೋ ಹಳ್ಳಿಗಳ ಅಂಚಿನಲ್ಲಿ ವೀರಗಲ್ಲು ನಿಂತಿವೆ. ಹೆಚ್ಚಿನವು ರಾಜರದ್ದಲ್ಲ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಎದುರು ನಿಂತು ಸತ್ತವರದ್ದು, ಹುಲಿಯ ಜೊತೆ ಹೋರಾಡಿದವರದ್ದು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋದವರದ್ದು. ಕೆಳಗಿನ ಪಟ್ಟಿಯಲ್ಲಿ ಅವನು ಮಾಡಿದ ಕೆಲಸ ಕೆತ್ತಿರುತ್ತಾರೆ. ನಡುವೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ದೇವರ ಸನ್ನಿಧಿ. ಬರಹ ಇದ್ದರೆ ಅದರಲ್ಲಿ ಕಾಲ, ಊರು, ಅವನ ಹೆಸರು, ಏನು ಮಾಡಿದ ಅನ್ನುವುದು ಇರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅವನ ಮನೆಯವರಿಗೆ ಬಿಟ್ಟ ಭೂಮಿಯ ಲೆಕ್ಕವೂ ಇರುತ್ತದೆ. ನೆತ್ತರುಗೊಡಗೆ ಅಂತ ಅದಕ್ಕೆ ಹೆಸರು. ಸತ್ತವನಿಗೆ ಕಲ್ಲು, ಇದ್ದವರಿಗೆ ಹೊಲ. ನಾವು ಈಗ ಮಾಡುವ ಸನ್ಮಾನಗಳಲ್ಲಿ ಹಾರ ಇರುತ್ತದೆ, ಫೋಟೊ ಇರುತ್ತದೆ. ಏನು ಮಾಡಿದರು ಅನ್ನುವ ವಿವರವೂ ಇರುವುದಿಲ್ಲ, ಮನೆಯವರ ಮಾತೂ ಇರುವುದಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಕಲ್ಲು ಒಂದಿದೆ. ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಥೆ ಅದರಲ್ಲಿದೆ. ನಾಯಿಗೂ ಹೆಸರು ಬರೆದರು ನೋಡಿ. ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ ನಿಮಗೆಲ್ಲ ನೆನಪಿದ್ದೇ ಇರುತ್ತಾಳೆ. ಕೊಲೆ ಕೇಸುಗಳಲ್ಲಿ ಜಾಡು ಹಿಡಿದು ಮೈಲುಗಟ್ಟಲೆ ಓಡಿದವಳು. 2022ರಲ್ಲಿ ಅವಳು ತೀರಿಕೊಂಡಾಗ ಊರೇ ಮರುಗಿತು. ಅವಳ ಹೆಸರು ಊರಿಗೆ ಗೊತ್ತಾದದ್ದು ಇಲಾಖೆ ಪ್ರತಿ ಕೇಸಿನಲ್ಲೂ ಅವಳ ಕೆಲಸವನ್ನು ಹೆಸರು ಹಿಡಿದು ಹೇಳಿದ್ದರಿಂದ. ನಿಮ್ಮ ಹಮಾಲಿಯವರಿಗೂ ಅಷ್ಟು ಮಾಡಬೇಕಲ್ವಾ?

ಇನ್ನೊಂದು ಸಣ್ಣ ಮಾತು, ಬೇಸರ ಮಾಡಿಕೊಳ್ಳಬೇಡಿ. ಪತ್ರದಲ್ಲಿ ನೀವು ‘ಹಮಾಲಿ ಒಬ್ಬ ಎಳೆದು ತಂದ, ಅವನಿಗೂ ಏನಾದರೂ ಮಾಡಬೇಕು’ ಅಂತ ಬರೆದಿದ್ದೀರಿ. ಗಣ್ಯರ ಬಗ್ಗೆ ಬರೆಯುವಾಗ ನಮ್ಮ ಕೈ ತಾನಾಗಿ ‘ಅವರು’ ಅನ್ನುತ್ತದೆ. ಮೂಟೆ ಹೊರುವವರ ಬಗ್ಗೆ ಬರೆಯುವಾಗ ‘ಅವನು’ ಅನ್ನುತ್ತದೆ. ನಾನೂ ಅದೇ ರೂಢಿಯಲ್ಲಿ ಬೆಳೆದವನು. ಸನ್ಮಾನ ಪತ್ರದಲ್ಲಿ, ವೇದಿಕೆಯ ಮೇಲೆ, ಮೈಕಿನಲ್ಲಿ ಅವರನ್ನು ಬಹುವಚನದಲ್ಲೇ ಕರೆಯಿರಿ. ಅವರ ಪೂರ್ತಿ ಹೆಸರು, ತಂದೆ ತಾಯಿಯ ಹೆಸರು ಬರೆಸಿ. ನೀವು ಕೊಡುವ ಮೊದಲ ಪ್ರಶಸ್ತಿ ಅದೇ.

ಈಗ ಆಯ್ಕೆಯ ಮಾತು. ಎರಡು ಬಗೆಯ ಕೆಲಸಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಒಂದು ಕ್ಷಣದಲ್ಲಿ ಪ್ರಾಣ ಒತ್ತೆ ಇಟ್ಟವರು ಒಂದು ಬಗೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು 20 ವರ್ಷ ಅದೇ ಬೀದಿ ಗುಡಿಸಿದವರು ಇನ್ನೊಂದು ಬಗೆ. ಮೊದಲನೆಯದಕ್ಕೆ ಘಟನೆ ಬೇಕು, ಸಾಕ್ಷಿ ಬೇಕು. ಎರಡನೆಯದಕ್ಕೆ ಜೊತೆಯಲ್ಲಿ ಕೆಲಸ ಮಾಡುವವರ ಮಾತು ಬೇಕು. ಅರ್ಜಿ ಕರೆಯಬೇಡಿ. ಅರ್ಜಿ ಕರೆದರೆ ಅರ್ಜಿ ಬರೆಯಲು ಬರುವವರಷ್ಟೇ ಮುಂದೆ ಬರುತ್ತಾರೆ. ಬದಲಿಗೆ ನೀವೇ ಹೋಗಿ ಕೇಳಿ. ಪೌರಕಾರ್ಮಿಕರನ್ನೇ ಕೇಳಿ, ನಿಮ್ಮಲ್ಲಿ ಯಾರಿಗೆ ಕೊಟ್ಟರೆ ಎಲ್ಲರಿಗೂ ಸಂತೋಷ ಅಂತ. ಮೂರು ಬೇರೆ ಬೇರೆ ಜನ ಒಂದೇ ಹೆಸರು ಹೇಳಿದರೆ ಆ ಹೆಸರು ಗಟ್ಟಿ.

ಯಾರ ಕಣ್ಣಿಗೂ ಬೀಳದವರನ್ನು ಹುಡುಕಿ. 108ರಲ್ಲಿ ಚಾಲಕರು ಕಾಣುತ್ತಾರೆ. ಹಿಂದೆ ಗಾಯಾಳುವಿನ ಪಕ್ಕ ಕೂತು ರಕ್ತ ಒತ್ತಿ ಹಿಡಿಯುವ ತುರ್ತು ಚಿಕಿತ್ಸಾ ಸಿಬ್ಬಂದಿ ಕಾಣುವುದಿಲ್ಲ. ನಾಲೆಯಲ್ಲಿ, ತುಂಗಭದ್ರೆಯಲ್ಲಿ ಮುಳುಗಿದವರ ಶವ ಹುಡುಕಿ ತೆಗೆಯುವ ಈಜುಗಾರರು ಹರಿಹರದ ಕಡೆ ಇದ್ದಾರೆ. ಪೊಲೀಸರು, ನಾವು, ಎಲ್ಲರೂ ಅವರನ್ನೇ ಕರೆಯುವುದು. ಸತ್ತವರನ್ನು ಮನೆಯವರಿಗೆ ಒಪ್ಪಿಸುವುದೂ ದೊಡ್ಡ ಸೇವೆ. ಶವಾಗಾರದಲ್ಲಿ ಕೆಲಸ ಮಾಡುವವರನ್ನು ನಾನು ಇದುವರೆಗೂ ಯಾವ ವೇದಿಕೆಯಲ್ಲೂ ನೋಡಿಲ್ಲ. ಗೃಹರಕ್ಷಕರನ್ನು ಮರೆಯಬೇಡಿ. ಬಂದೋಬಸ್ತಿಗೆ, ಪ್ರವಾಹಕ್ಕೆ, ಚುನಾವಣೆಗೆ ಎಲ್ಲಕ್ಕೂ ಅವರು ಬೇಕು. ಆದರೆ ಅವರು ಕಾಯಂ ನೌಕರರಲ್ಲ, ಗೌರವಧನದ ಮೇಲೆ ದುಡಿಯುವವರು.

ಈ ಕಾಯಂ ಮತ್ತು ಗುತ್ತಿಗೆಯ ಭೇದ ಪ್ರಶಸ್ತಿಯ ವಿಷಯದಲ್ಲಿ ದೊಡ್ಡದು. ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಗೃಹರಕ್ಷಕರಿಗೆ, ಕಾರಾಗೃಹದವರಿಗೆ ರಾಷ್ಟ್ರಪತಿ ಪದಕಗಳಿವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ಪ್ರಕಟವಾಗುತ್ತವೆ. ರಾಜ್ಯದಲ್ಲಿ ಪೊಲೀಸರಿಗೆ ಮುಖ್ಯಮಂತ್ರಿಗಳ ಪದಕ ಇದೆ, ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಕೊಡುತ್ತಾರೆ. ಸರ್ಕಾರಿ ನೌಕರರಿಗೆ ಸರ್ವೋತ್ತಮ ಸೇವಾ ಪ್ರಶಸ್ತಿ ಜಿಲ್ಲಾ ಮಟ್ಟದಲ್ಲೂ ಇದೆ. ಆದರೆ ಏಜೆನ್ಸಿ ಮೂಲಕ ದುಡಿಯುವ ಆಂಬುಲೆನ್ಸ್ ಚಾಲಕರಿಗೆ, ಗುತ್ತಿಗೆ ಕಾರ್ಮಿಕರಿಗೆ ಇವು ತಲುಪುವುದು ಬಹಳ ಕಷ್ಟ. ನಿಮ್ಮಂಥ ಸಂಘಗಳ ಸನ್ಮಾನಕ್ಕೆ ಬೆಲೆ ಬರುವುದು ಇಲ್ಲಿ. ಸರ್ಕಾರದ ಪಟ್ಟಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಿಮ್ಮ ಪಟ್ಟಿ ಶುರುವಾಗಲಿ.

ಒಂದು ಸೂಕ್ಷ್ಮ ಇದೆ. ಜೀವನ ರಕ್ಷಾ ಪದಕ ಸಮವಸ್ತ್ರದವರಿಗೂ ಸಿಗುತ್ತದೆ, ಆದರೆ ಕರ್ತವ್ಯದಲ್ಲಿ ಇಲ್ಲದಾಗ ಕಾಪಾಡಿದ್ದರೆ ಮಾತ್ರ. ರಜೆಯಲ್ಲಿ ಊರಿಗೆ ಹೋದ ಕಾನ್‌ಸ್ಟೆಬಲ್ ಕೆರೆಗೆ ಹಾರಿದರೆ ಈ ಪದಕ. ಕರ್ತವ್ಯದಲ್ಲಿದ್ದಾಗ ಹಾರಿದರೆ ಶೌರ್ಯ ಪದಕದ ದಾರಿ. ಕಾಪಾಡಿದವರು ಮಕ್ಕಳಾಗಿದ್ದರೆ ದಾರಿ ಮತ್ತೆ ಬೇರೆ. ನಮ್ಮ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಗಂಡುಮಕ್ಕಳಿಗೆ ಹೊಯ್ಸಳ, ಹೆಣ್ಣುಮಕ್ಕಳಿಗೆ ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿ ಕೊಡುತ್ತದೆ. ಕೇಂದ್ರದ್ದು ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ.

ರಸ್ತೆ ಅಪಘಾತದ್ದು ಇನ್ನೂ ಬೇರೆ. ಹಿರಿಯೂರಿನಿಂದ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಜಿಲ್ಲೆಗಳನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ನಡೆದ ಅಪಘಾತಗಳಲ್ಲಿ ನಮ್ಮ ಗಾಡಿಗಿಂತ ಮೊದಲು ಬಂದು ಕೈಹಾಕಿದವರು ಢಾಬಾದವರು, ಪಂಕ್ಚರ್ ಅಂಗಡಿಯವರು, ಕುರಿ ಕಾಯುವವರು. ಇಂಥವರಿಗೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ 5,000 ರೂಪಾಯಿ ಬಹುಮಾನ ಶುರು ಮಾಡಿತು. 2025ರಲ್ಲಿ ಅದನ್ನು ರಾಹ್-ವೀರ್ ಅಂತ ಹೆಸರಿಟ್ಟು 25,000ಕ್ಕೆ ಏರಿಸಿದರು. ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿ ಜೀವ ಉಳಿಸಲು ನೆರವಾಗಿರಬೇಕು. ಪೊಲೀಸರು ಅಧಿಕೃತ ಸ್ವೀಕೃತಿ ಪತ್ರ ಕೊಡಬೇಕು, ಅದು ಜಿಲ್ಲಾ ಮಟ್ಟದ ಸಮಿತಿಗೆ ಹೋಗಬೇಕು. ನೇರವಾಗಿ ಆಸ್ಪತ್ರೆಗೆ ಕರೆದೊಯ್ದಿದ್ದರೆ ಆಸ್ಪತ್ರೆಯವರು ಪೊಲೀಸರಿಗೆ ವಿವರ ಕೊಡುತ್ತಾರೆ. ಮತ್ತೆ ಅದೇ ಕಥೆ ನೋಡಿ. ಆ ಹೊತ್ತಿನಲ್ಲಿ ಹೆಸರು ಬರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

‘ಹೆಸರು ಬರೆಸಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ’ ಅನ್ನುವ ಹೆದರಿಕೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲೇ ನೆರವಿಗೆ ಬಂದವರಿಗೆ ತೊಂದರೆ ಕೊಡಬಾರದು ಅಂತ ಆದೇಶಿಸಿದೆ. ಅದೇ ವರ್ಷ ನಮ್ಮ ವಿಧಾನಮಂಡಲ ಇಂಥವರ ರಕ್ಷಣೆಗೆ ಕಾನೂನು ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ನೆರವಾದವರು ಹೆಸರು ಹೇಳಲೇಬೇಕೆಂದಿಲ್ಲ, ಸಾಕ್ಷಿಯಾಗಲೇಬೇಕೆಂದಿಲ್ಲ. ಬಹುಮಾನ ಬೇಕು ಅನ್ನುವವರು ತಾವಾಗಿ ಹೆಸರು ಕೊಟ್ಟರೆ ಸಾಕು. ನಿಮ್ಮ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಈ ಮಾತು ಆಡಲು ಒಬ್ಬ ವಕೀಲರನ್ನು ಕರೆಯಿರಿ. ಎಷ್ಟೋ ಭಾಷಣಗಳಿಗಿಂತ ಉಪಯೋಗ.

ಇನ್ನು ವೇದಿಕೆಯ ಮಾತು. ಅಗ್ನಿಶಾಮಕದವರನ್ನು ವೇದಿಕೆಗೆ ಕರೆಯಬೇಡಿ, ನೀವೇ ಠಾಣೆಗೆ ಹೋಗಿ. ಪಾಳಿಯಲ್ಲಿ ಇರುವವರು ಠಾಣೆ ಬಿಟ್ಟು ಬರುವಂತಿಲ್ಲ. ನೀವು ಕರೆದರೆ ರಜೆಯಲ್ಲಿ ಇರುವವರೋ, ಕಚೇರಿಯಲ್ಲಿ ಕೂರುವವರೋ ಬರುತ್ತಾರೆ. ಬಾವಿಗೆ ಬಿದ್ದ ಎಮ್ಮೆಗೆ ಹಗ್ಗ ಕಟ್ಟಿದವರು, ಮೆಕ್ಕೆಜೋಳದ ರಾಶಿಗೆ, ಬಣವೆಗೆ ಬೆಂಕಿ ಬಿದ್ದಾಗ ಹೊಗೆ ಕುಡಿದವರು, ಬೇಸಿಗೆಯಲ್ಲಿ ಜೋಗಿಮಟ್ಟಿ ಗುಡ್ಡ ಹತ್ತಿ ಸೊಪ್ಪಿನಿಂದ ಬೆಂಕಿ ಬಡಿದವರು ಅಲ್ಲೇ ಠಾಣೆಯಲ್ಲಿ ಇರುತ್ತಾರೆ. ಒಬ್ಬರನ್ನೇ ಆರಿಸಬೇಡಿ. ನಮ್ಮ ಕೆಲಸ ಒಬ್ಬರ ಕೆಲಸವಲ್ಲ. ಒಬ್ಬ ಒಳಗೆ ಹೋದರೆ ಅವನ ಹಿಂದೆ ಪೈಪು ಹಿಡಿದವನು, ಪಂಪು ನೋಡುವವನು, ಚಾಲಕ ಎಲ್ಲರೂ ಸೇರಿ ಅವನ ಪ್ರಾಣ ಹಿಡಿದಿರುತ್ತಾರೆ. ಒಬ್ಬರಿಗೆ ಪೇಟ ತೊಡಿಸಿದರೆ ಉಳಿದವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಮನಸ್ಸಿಗೆ ನಾಟುತ್ತದೆ. ಇಡೀ ಪಾಳಿಗೆ ಕೊಡಿ.

ಒಂದು ಸಲ ಶಾಲೆಯ ಮಕ್ಕಳು ಏಪ್ರಿಲ್ 14ಕ್ಕೆ ನಮ್ಮ ಠಾಣೆಗೆ ಬಂದಿದ್ದರು. ಅದು ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಗೊಂಡು 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟ ದಿನ. ಮಕ್ಕಳು ಮನೆಯಿಂದ ಮಂಡಕ್ಕಿ ಉಸಲಿ ಮಾಡಿಸಿಕೊಂಡು ಬಂದಿದ್ದರು. ತಿನ್ನಲು ಕೂತಿದ್ದೇ ತಡ, ಕರೆಗಂಟೆ ಹೊಡೆಯಿತು. ತಟ್ಟೆ ಇಟ್ಟು ಎದ್ದು ಓಡಿದೆವು. ತಿರುಗಿ ಬರುವಾಗ ಸಂಜೆ. ಮಕ್ಕಳು ಹೋಗಿದ್ದರು. ತಟ್ಟೆಗಳ ಮೇಲೆ ಪೇಪರು ಮುಚ್ಚಿಟ್ಟಿದ್ದರು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಬರೆದಿದ್ದರು. ನಮ್ಮ ಅಂಗಿಯ ಮೇಲಿನ ಹೆಸರುಪಟ್ಟಿ ನೋಡಿ ನೆನಪಿಟ್ಟುಕೊಂಡಿದ್ದರು. ನನ್ನ ಸೇವೆಯಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ನಾನು ಕಂಡಿಲ್ಲ.

ಪೌರಕಾರ್ಮಿಕರಿಗೆ ಸೆಪ್ಟೆಂಬರ್ 23, ಗೃಹರಕ್ಷಕರಿಗೆ ಡಿಸೆಂಬರ್ 6, ಲೈನ್‌ಮನ್‌ಗಳಿಗೆ ಮಾರ್ಚ್ 4, ಹೀಗೆ ಅವರವರ ದಿನಗಳಿವೆ. ಆ ದಿನ ಐದು ಜನ ಹೋಗಿ ಬಂದರೂ ಸಾಕು.

ಸರ್ಕಾರಿ ನೌಕರರನ್ನು ಸನ್ಮಾನಿಸುವಾಗ ಅವರ ಇಲಾಖೆಯ ಮುಖ್ಯಸ್ಥರಿಗೆ ಮೊದಲೇ ಪತ್ರ ಕೊಟ್ಟು ಅನುಮತಿ ಪಡೆಯಿರಿ. ನಡತೆ ನಿಯಮಗಳಲ್ಲಿ ಸಾರ್ವಜನಿಕ ಸನ್ಮಾನಕ್ಕೆ, ಉಡುಗೊರೆಗೆ ಕಟ್ಟುಪಾಡು ಇದೆ. ಅವರಿಗೆ ನಗದು ಕೊಡಲೇಬೇಡಿ. ನಿಮ್ಮ ಪ್ರೀತಿ ಅವರಿಗೆ ನೋಟಿಸಾಗಿ ಬರಬಾರದು.

ಇನ್ನೊಂದು ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಕೈಗವಸು ಇಲ್ಲದೆ ಕಂಬ ಹತ್ತಿದ ಲೈನ್‌ಮನ್‌ನನ್ನು, ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕನನ್ನು ‘ಪ್ರಾಣ ಲೆಕ್ಕಿಸದೆ’ ಅಂತ ಹೊಗಳಬೇಡಿ. ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಹಾಗೆ ಇಳಿಸುವುದೇ 2013ರ ಕಾನೂನಿನ ಪ್ರಕಾರ ಅಪರಾಧ. ಸತ್ತರೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅವರಿಗೆ ಬೇಕಾದ್ದು ಯಂತ್ರ, ಗವಸು, ಬೂಟು. ಅದನ್ನು ಕೊಡದವರು ವೇದಿಕೆ ಮೇಲೆ ಕೂತು ಶಾಲು ಹೊದಿಸಿದರೆ, ಆ ಶಾಲಿನ ಕೆಳಗೆ ತಪ್ಪು ಮುಚ್ಚಿಹೋಗುತ್ತದೆ. ನೀವು ಸನ್ಮಾನದ ಜೊತೆ ಒಂದು ಮನವಿ ಪತ್ರ ಕೊಡಿ. ಈ ಬಡಾವಣೆಯ ಪೌರಕಾರ್ಮಿಕರಿಗೆ ಇಂಥಿಂಥ ಸಲಕರಣೆ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ.

ದುಡ್ಡಿನ ಲೆಕ್ಕಕ್ಕೆ ಬರೋಣ. 30,000ದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಫಲಕ, ಶಾಮಿಯಾನ, ಸೌಂಡ್ ಸಿಸ್ಟಂ ಎಲ್ಲ ತಂದರೆ ಸಂಜೆಗೆ ಖಾಲಿ. ಶಾಲು ಇರಲಿ, ಅದು ನಮ್ಮ ಮರ್ಯಾದೆ. ಫಲಕ ಬೇಡ, ಸಣ್ಣ ಮನೆಗಳಲ್ಲಿ ಇಡಲು ಜಾಗ ಇರುವುದಿಲ್ಲ. ಬದಲಿಗೆ ಸನ್ಮಾನ ಪತ್ರವನ್ನು ಚೆನ್ನಾಗಿ ಮುದ್ರಿಸಿ ಕಟ್ಟು ಹಾಕಿಸಿ. ಹಮಾಲಿಯವರು ಕಾರ್ಯಕ್ರಮಕ್ಕೆ ಬಂದರೆ ಆ ದಿನದ ಕೂಲಿ ಹೋಗುತ್ತದೆ, ಮೊದಲು ಅದನ್ನು ತುಂಬಿಕೊಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಜೀವನ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ, ಅದೂ 2 ಲಕ್ಷ. ಅದಕ್ಕೆ 50 ವರ್ಷದೊಳಗೆ ಸೇರಬೇಕು. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಮಾಡಿಸಿಕೊಡಿ, ಕೆಲವು ವರ್ಷದ ಕಂತು ಅವರ ಖಾತೆಗೆ ಹಾಕಿ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರ ನೋಂದಣಿ ಇದೆ, ಅವರದ್ದು ಆಗಿದೆಯೇ ಅಂತ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ನೆತ್ತರುಗೊಡಗೆಯ ಭೂಮಿ ಕೊಡಲು ನಮ್ಮಿಂದ ಆಗುವುದಿಲ್ಲ, ಇಷ್ಟಾದರೂ ಆಗುತ್ತದೆ. ಉಳಿದ ದುಡ್ಡಿನಲ್ಲಿ ಉದ್ದನೆಯ ಹಗ್ಗ ಕಟ್ಟಿದ ಒಂದೆರಡು ತೇಲುಬಳೆ ತನ್ನಿ. ನೀರಾವರಿ ಇಲಾಖೆಯವರನ್ನು ಕೇಳಿ, ಹುಡುಗರು ಬಿದ್ದ ಜಾಗದ ಹತ್ತಿರ ನೇತುಹಾಕಿ. ಮುಂದಿನ ಸಲ ಯಾರೂ ಬರಿಗೈಲಿ ನೀರಿಗೆ ಹಾರಬಾರದು.

ಸನ್ಮಾನ ಪತ್ರ ಹೇಗಿರಬೇಕು ಅಂತ ಒಂದು ಮಾದರಿ ಬರೆದಿದ್ದೇನೆ. ವಿವರ ನಾನು ಊಹಿಸಿದ್ದು, ನಿಜವಾದದ್ದನ್ನು ನೀವು ತುಂಬಿ.

‘ಆಗಸ್ಟ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡರ ಹೊತ್ತು. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಕೈತೊಳೆಯಲು ಇಳಿದ ಇಬ್ಬರು ಹುಡುಗರು ಪಾಚಿಯ ಮೇಲೆ ಜಾರಿ ಬಿದ್ದರು. ದಡದಲ್ಲಿ ಹತ್ತಾರು ಜನ ಇದ್ದರು. ಮಾರುಕಟ್ಟೆಯಿಂದ ಮನೆಗೆ ಹೋಗುತ್ತಿದ್ದ ತಾವು ಸೈಕಲ್ ಬಿಟ್ಟು ನೀರಿಗೆ ಹಾರಿದಿರಿ. ಒಬ್ಬನನ್ನು ದಡಕ್ಕೆ ತಂದು ಮತ್ತೆ ಹಾರಿದಿರಿ. ಎರಡನೆಯವನ ಜೊತೆ ತಾವೂ ಕೊಚ್ಚಿ ಹೋಗಿ, ಸೇತುವೆಯ ಹತ್ತಿರ ಕಬ್ಬಿಣದ ಕಂಬಿ ಹಿಡಿದು ನಿಂತಿರಿ. ತಮ್ಮ ಎಡ ಭುಜಕ್ಕೆ ಪೆಟ್ಟಾಯಿತು. ಎರಡು ವಾರ ಮೂಟೆ ಹೊರಲಾಗಲಿಲ್ಲ. ಇಬ್ಬರು ಹುಡುಗರೂ ಈಗ ಶಾಲೆಗೆ ಹೋಗುತ್ತಿದ್ದಾರೆ. ಇದನ್ನು ಕಂಡವರು ನಾವು, ಬರೆದು ಕೊಡುತ್ತಿದ್ದೇವೆ.’

‘ಅಪ್ರತಿಮ’, ‘ಅದ್ವಿತೀಯ’, ‘ಕಲಿಯುಗದ ಕರ್ಣ’ ಯಾವುದೂ ಬೇಡ. ಆ ಎರಡು ವಾರದ ಕೂಲಿಯ ಮಾತು ಓದಿದಾಗ ಸಭೆ ತಾನಾಗಿ ಎದ್ದು ನಿಲ್ಲುತ್ತದೆ. ಇದೇ ಹಾಳೆ ಪದಕದ ಅರ್ಜಿಗೂ ತಳಪಾಯವಾಗುತ್ತದೆ.

ಆ ಹುಡುಗರನ್ನು ವೇದಿಕೆಗೆ ತಂದು ನಿಲ್ಲಿಸುವ ಆಸೆ ಬರುತ್ತದೆ. ಬೇಡ. ಅವರು ಸತ್ತು ಬದುಕಿದ ಮಕ್ಕಳು, ಆ ನೀರಿನ ನೆನಪು ಇನ್ನೂ ಹಸಿ. ಮನೆಯಲ್ಲಿ ಕರೆದು ಊಟ ಹಾಕಿಸಿದರೆ ಆಯಿತು. ಹಮಾಲಿಯವರನ್ನೂ ಕೇಳದೆ ಹೆಸರು ಅಚ್ಚು ಹಾಕಿಸಬೇಡಿ. ಕೆಲವರಿಗೆ ಜನರ ಮುಂದೆ ನಿಲ್ಲುವುದು ನೀರಿಗೆ ಹಾರುವುದಕ್ಕಿಂತ ಕಷ್ಟ. ಬೇಡ ಅಂದರೆ ಮನೆಗೇ ಹೋಗಿ ಕೊಟ್ಟು ಬನ್ನಿ. ಬರುತ್ತೇನೆ ಅಂದರೆ ಅವರ ಹೆಂಡತಿ ಮಕ್ಕಳಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ. ಮುಖ್ಯ ಅತಿಥಿ ತಡವಾದರೆ ಕಾಯದೆ ಶುರು ಮಾಡಿ. ಬೆಳಿಗ್ಗೆ ಐದಕ್ಕೆ ಎದ್ದವರನ್ನು ರಾತ್ರಿ ಹತ್ತರವರೆಗೆ ಕೂರಿಸುವುದು ಸನ್ಮಾನವಲ್ಲ, ಶಿಕ್ಷೆ.

ದಿನದ ಬಗ್ಗೆ ನನ್ನದೊಂದು ಸಲಹೆ. ನವೆಂಬರ್ 1ರಂದು ಊರೆಲ್ಲ ಕಾರ್ಯಕ್ರಮ ಇರುತ್ತದೆ. ನೀವು 11ಕ್ಕೆ ಇಟ್ಟುಕೊಳ್ಳಿ. ಅದು ಒನಕೆ ಓಬವ್ವನ ಜಯಂತಿ, 2021ರಿಂದ ಸರ್ಕಾರವೇ ಆಚರಿಸುತ್ತಿದೆ. ಚಿತ್ರದುರ್ಗದ ಕೋಟೆಯಲ್ಲಿ ಆ ಕಿಂಡಿಯ ಹತ್ತಿರ ನಿಂತಾಗಲೆಲ್ಲ ನನಗೆ ಒಂದೇ ಯೋಚನೆ ಬರುತ್ತದೆ. ಆಕೆ ಸೈನ್ಯದವಳಲ್ಲ. ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಬಂದಿದ್ದ, ಆಕೆ ನೀರು ತರಲು ಹೋಗಿದ್ದಳು. ಕೈಗೆ ಸಿಕ್ಕಿದ್ದು ಒನಕೆ. ಆಕೆಯ ಹೆಸರು ಉಳಿಯಿತು. ಗಂಡ ಕಹಳೆ ಮುದ್ದಹನುಮನ ಹೆಸರೂ ಉಳಿಯಿತು. ಜನ ‘ಸ್ಥಳೀಯ ಮಹಿಳೆಯ ನೆರವಿನಿಂದ’ ಅಂತ ಹೇಳಿ ಮುಗಿಸಲಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ನಾಳೆ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಲಾರಿಗಳು ನಿಲ್ಲುವ ಮೊದಲೇ ಹೋಗಿ, ಆ ಹಮಾಲಿಯವರ ಜೊತೆ ಒಂದು ಟೀ ಕುಡಿಯಿರಿ. ಅಂದು ನಡೆದದ್ದನ್ನು ಅವರ ಬಾಯಿಂದಲೇ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ನಂತರ ಠಾಣೆಗೆ ಹೋಗಿ ಆ ದಿನದ ನಮೂದಿನಲ್ಲಿ ಏನಿದೆ ನೋಡಿ. ಅಲ್ಲಿಯೂ ‘ಸ್ಥಳೀಯರು’ ಅಂತಲೇ ಇದ್ದರೆ ಗಾಬರಿಯಾಗಬೇಡಿ. ಹುಡುಗರ ತಂದೆತಾಯಿಯಿಂದ, ಕಂಡವರಿಂದ ಹೇಳಿಕೆ ಬರೆಸಿ ಠಾಣಾಧಿಕಾರಿಗಳಿಗೆ ಕೊಡಿ. ಕರಡು ಸಿದ್ಧವಾದ ಮೇಲೆ ನನಗೆ ಕಳಿಸಿ, ಕೂತು ತಿದ್ದಿಕೊಡುತ್ತೇನೆ.